ಓಟಕ್ಕೂ ಬಂಡೆ ಹತ್ತುವುದಕ್ಕೂ ಒಂದೇ ತೆಳು ಗಾಳಿ ಜಾಕೆಟ್: ಆರಿಸುವುದು ಹೇಗೆ?

ಒಂದು ಗಂಟೆ ಏರುದಾರಿಯಲ್ಲಿ ಓಡಿ ಬೆಟ್ಟದ ನೆತ್ತಿಗೆ ಬಂದಿದ್ದೀರಿ. ಮೈಯೆಲ್ಲ ಬೆವರು. ಅಲ್ಲಿಯವರೆಗೆ ಬೆಟ್ಟವೇ ಗಾಳಿಗೆ ಅಡ್ಡ ನಿಂತಿತ್ತು. ನೆತ್ತಿ ದಾಟಿದ ಕೂಡಲೇ ಗಾಳಿ ನೇರ ಎದೆಗೆ ಬಡಿಯುತ್ತದೆ. ಎರಡೇ ನಿಮಿಷ. ಒದ್ದೆ ಅಂಗಿ ತಣ್ಣಗೆ ಬೆನ್ನಿಗೆ ಅಂಟಿಕೊಳ್ಳುತ್ತದೆ, ಬೆರಳು ಮರಗಟ್ಟಲು ಶುರುವಾಗುತ್ತದೆ. ಮುಷ್ಟಿಯಷ್ಟಕ್ಕೆ ಮಡಚಿ ಇಟ್ಟುಕೊಂಡ, ನೂರು ಗ್ರಾಂ ತೂಗುವ ಒಂದು ತೆಳು ಜಾಕೆಟ್ ಆಗ ಮಾಡುವ ಕೆಲಸವನ್ನು ಬೇರೆ ಯಾವ ಬಟ್ಟೆಯೂ ಮಾಡುವುದಿಲ್ಲ.

ಗಾಳಿ ಮೈಯ ಬಿಸಿಯನ್ನು ಎಷ್ಟು ಕಿತ್ತುಕೊಳ್ಳುತ್ತದೆ ಎಂಬುದಕ್ಕೆ ಲೆಕ್ಕ ಇದೆ. ಅಮೆರಿಕ ಮತ್ತು ಕೆನಡಾದ ಹವಾಮಾನ ಇಲಾಖೆಗಳು 2001ರಿಂದ ಬಳಸುತ್ತಿರುವ ಸೂತ್ರದ ಪ್ರಕಾರ, ಹೊರಗೆ 5 ಡಿಗ್ರಿ ಸೆಲ್ಸಿಯಸ್ ಇದ್ದು ಗಂಟೆಗೆ 40 ಕಿ.ಮೀ. ವೇಗದಲ್ಲಿ ಗಾಳಿ ಬೀಸುತ್ತಿದ್ದರೆ ಬರಿಯ ಮುಖಕ್ಕೆ ಅದು ಸುಮಾರು ಮೈನಸ್ 1 ಡಿಗ್ರಿಯಂತೆ ಅನ್ನಿಸುತ್ತದೆ. ಇದು ಒಣಗಿದ ಚರ್ಮದ ಲೆಕ್ಕ. ಬೆವರಿನಿಂದ ತೊಯ್ದ ಮೈಗೆ ಇನ್ನೂ ಜಾಸ್ತಿ ಚಳಿ. ಅಲ್ಲದೆ, ಗಾಳಿಯೇ ಇಲ್ಲದ ದಿನವೂ ಗಂಟೆಗೆ 12 ಕಿ.ಮೀ. ವೇಗದಲ್ಲಿ ಓಡುವವರು ತಮ್ಮ ಗಾಳಿಯನ್ನು ತಾವೇ ಮಾಡಿಕೊಳ್ಳುತ್ತಾರೆ.

ನಾನು ಮೊದಲು ಕೊಂಡ ಗಾಳಿ ಜಾಕೆಟ್ ಒಂದು ಚೂರೂ ಗಾಳಿ ಬಿಡುತ್ತಿರಲಿಲ್ಲ. ಅದಕ್ಕೇ ಅದನ್ನು ಕೊಂಡಿದ್ದೆ. ಹಾಕಿಕೊಂಡು ಅರ್ಧ ಗಂಟೆ ಬೆಟ್ಟ ಹತ್ತಿದೆ. ತೋಳಿನ ಒಳಗೆ ಬೆವರು ಹನಿ ಹನಿಯಾಗಿ ನಿಂತಿತ್ತು. ಕೈ ಕೆಳಗೆ ಬಿಟ್ಟರೆ ಕಫ್‌ನಿಂದ ನೀರು ತೊಟ್ಟಿಕ್ಕುತ್ತಿತ್ತು. ಮೇಲೆ ನಿಂತು, ಬಂಡೆ ಹತ್ತುತ್ತಿದ್ದ ಗೆಳೆಯ ಬೀಳದಂತೆ ಅವನ ಹಗ್ಗ ಹಿಡಿಯುವ ಹೊತ್ತಿಗೆ ಆ ನೀರೆಲ್ಲ ತಣ್ಣಗಾಗಿ, ಜಾಕೆಟ್ ಒಳಗೇ ಗಡಗಡ ನಡುಗಿದೆ. ಅಲ್ಲಿಂದ ಮುಂದೆ ಜಾಕೆಟ್ ನೋಡುವಾಗ ನಾನು ಮೊದಲು ಕೇಳುವ ಪ್ರಶ್ನೆ: ಇದು ಎಷ್ಟು ಗಾಳಿ ಬಿಡುತ್ತದೆ? ಈ ಲೇಖನದ ಹೆಚ್ಚಿನ ಭಾಗ ಈ ಪ್ರಶ್ನೆಯ ಸುತ್ತಲೇ ಇದೆ.

1. ನಿಮಗೆ ಬೇಕಾಗಿರುವುದು ಗಾಳಿ ಜಾಕೆಟ್ಟೋ, ಮಳೆ ಜಾಕೆಟ್ಟೋ?

ಇವೆರಡೂ ಬೇರೆ ಬೇರೆ. ಗಾಳಿ ಜಾಕೆಟ್ ಅಂದರೆ ಒತ್ತಾಗಿ ನೇಯ್ದ ಒಂದೇ ಪದರದ ತೆಳು ಬಟ್ಟೆ. ಹೊಲಿಗೆಗಳಿಗೆ ಒಳಗಿನಿಂದ ಟೇಪ್ ಇರುವುದಿಲ್ಲ. ತುಂತುರು ಬಿದ್ದರೆ ಹನಿ ಜಾರಿಹೋಗುತ್ತದೆ, ಜೋರು ಮಳೆ ಬಂದರೆ ಕೆಲವೇ ನಿಮಿಷದಲ್ಲಿ ನೆನೆಯುತ್ತದೆ. ಮಳೆ ಜಾಕೆಟ್‌ನಲ್ಲಿ ನೀರು ದಾಟದ ಪೊರೆ ಇರುತ್ತದೆ, ಹೊಲಿಗೆಗಳ ಮೇಲೆ ಟೇಪ್ ಇರುತ್ತದೆ. ಅದು ಗಾಳಿಯನ್ನೂ ತಡೆಯುತ್ತದೆ ನಿಜ, ಆದರೆ ಅದರಲ್ಲಿ ಓಡಿದರೆ ಬೆವರು ಒಳಗೇ ಉಳಿಯುತ್ತದೆ.

ಬೆಟ್ಟದ ಓಟದ ಸ್ಪರ್ಧೆಗೆ ಹೋಗುವವರು ಇಲ್ಲಿ ಎಚ್ಚರ ವಹಿಸಬೇಕು. ಫ್ರಾನ್ಸಿನ ಶಾಮೊನಿಯಿಂದ ಹೊರಡುವ ಯುಟಿಎಂಬಿ ಓಟದ ಕಡ್ಡಾಯ ಪಟ್ಟಿಯಲ್ಲಿ ತಲೆ ಮುಚ್ಚುವ ಹುಡ್ ಇರುವ, ನೀರು ದಾಟದ ಪೊರೆಯ ಜಾಕೆಟ್ ಬೇಕು ಎಂದಿದೆ. ಪೊರೆ ಕನಿಷ್ಠ 10,000 ಶ್ಮೆರ್ಬರ್ (ಬಟ್ಟೆ ಎಷ್ಟು ನೀರಿನ ಒತ್ತಡ ತಾಳುತ್ತದೆ ಎಂಬುದರ ಅಳತೆ) ತಡೆಯುವಂತಿರಲಿ ಎಂಬ ಸಲಹೆಯೂ ಇದೆ. ಗಾಳಿ ಜಾಕೆಟ್ ತೋರಿಸಿದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ಅಂಥ ಕಡೆ ಎರಡನ್ನೂ ಒಯ್ಯಿರಿ. ಗಾಳಿ ಜಾಕೆಟ್ ದಿನವಿಡೀ ಮೈಮೇಲೆ, ಮಳೆ ಜಾಕೆಟ್ ಚೀಲದಲ್ಲಿ.

ಈ ಪಟ್ಟಿಗಳನ್ನು ಸುಮ್ನೆ ಶಾಸ್ತ್ರಕ್ಕೆ ಮಾಡಿದ್ದಲ್ಲ. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ 100 ಕಿ.ಮೀ. ಓಟವೊಂದು ನಡೆಯಿತು. ಮಧ್ಯಾಹ್ನದ ಹೊತ್ತಿಗೆ ಬೆಟ್ಟದ ಮೇಲೆ ಇದ್ದಕ್ಕಿದ್ದಂತೆ ಬಿರುಗಾಳಿ, ತಣ್ಣನೆಯ ಮಳೆ, ಆಲಿಕಲ್ಲು. 21 ಮಂದಿ ಓಟಗಾರರು ಸತ್ತರು. ಬಹಳಷ್ಟು ಜನ ಚಡ್ಡಿ, ಟೀಶರ್ಟಿನಲ್ಲೇ ಇದ್ದರು. ಗಾಳಿ ತಡೆಯುವ ಜಾಕೆಟ್ ಆ ಓಟದ ಕಡ್ಡಾಯ ಪಟ್ಟಿಯಲ್ಲಿ ಇರಲಿಲ್ಲ. ತೆಳು ಜಾಕೆಟ್ ಒಂದರಿಂದಲೇ ಎಲ್ಲರೂ ಉಳಿಯುತ್ತಿದ್ದರು ಅಂತ ಹೇಳಲಾಗದು. ಆದರೂ ಒದ್ದೆ ಮೈಗೆ ಗಾಳಿ ತಗುಲಿದರೆ ಏನಾಗುತ್ತದೆ ಎಂಬುದನ್ನು ನಾನು ಆ ದಿನದಿಂದ ಮರೆತಿಲ್ಲ.

2. ಬಟ್ಟೆಯನ್ನು ಬಾಯಿಂದ ಊದಿ ನೋಡಿ

ಜಾಕೆಟ್ ಕೈಗೆ ಬಂದ ತಕ್ಷಣ ಮಾಡಬೇಕಾದ ಕೆಲಸ ಇದು. ಬೆನ್ನಿನ ಭಾಗದ ಬಟ್ಟೆಯನ್ನು ಒಂದೇ ಪದರ ಬರುವಂತೆ ಹಿಡಿದು ತುಟಿಗೆ ಒತ್ತಿಕೊಳ್ಳಿ. ಆಚೆ ಕಡೆ ಅಂಗೈ ಇಡಿ. ಜೋರಾಗಿ ಊದಿ.

ಕೆನ್ನೆ ಉಬ್ಬಿ, ಅಂಗೈಗೆ ಏನೂ ತಾಗದಿದ್ದರೆ ಆ ಬಟ್ಟೆ ಗಾಳಿಯನ್ನು ಪೂರ್ತಿ ಕಟ್ಟಿಹಾಕುತ್ತದೆ. ನಿಂತಿದ್ದರೆ ಬೆಚ್ಚಗೆ, ಓಡಿದರೆ ಉಸಿರುಗಟ್ಟಿದಂತೆ. ಸ್ವಲ್ಪ ಕಷ್ಟಪಟ್ಟು ಊದಿದಾಗ ಅಂಗೈಗೆ ಬೆಚ್ಚನೆಯ ಉಸಿರು ಮೆಲ್ಲಗೆ ಹರಡಿದಂತೆ ಅನ್ನಿಸಿದರೆ, ಓಟಕ್ಕೂ ಬಂಡೆಗೂ ಆಗುವ ಬಟ್ಟೆ ಅದು. ಏನೂ ತಡೆ ಇಲ್ಲದೆ ಉಸಿರು ದಾಟಿದರೆ ಅದು ಓಟಗಾರರ ಬಟ್ಟೆ. ದಿನವಿಡೀ ತೆಗೆಯದೆ ಓಡಬಹುದು, ಆದರೆ ಬಂಡೆಯ ಮೇಲೆ ನಿಂತು ಕಾಯುವಾಗ ಸಾಲದು. ನಾಲ್ಕೈದು ಜಾಕೆಟ್‌ಗಳನ್ನು ಒಂದರ ಹಿಂದೆ ಒಂದು ಹೀಗೆ ಊದಿ ನೋಡಿದರೆ ಸಾಕು, ವ್ಯತ್ಯಾಸ ತಾನಾಗಿ ಗೊತ್ತಾಗುತ್ತದೆ.

ಕೆಲವು ತಯಾರಕರು ಇದನ್ನು ಅಂಕಿಯಲ್ಲಿ ಕೊಡುತ್ತಾರೆ. ಅದಕ್ಕೆ ಸಿಎಫ್‌ಎಂ ಎನ್ನುತ್ತಾರೆ. ಒಂದು ಚದರ ಅಡಿ ಬಟ್ಟೆಯ ಮೂಲಕ ಒಂದು ನಿಮಿಷದಲ್ಲಿ ಎಷ್ಟು ಘನ ಅಡಿ ಗಾಳಿ ದಾಟುತ್ತದೆ ಎಂಬ ಲೆಕ್ಕ. ಸೊನ್ನೆ ಅಂದರೆ ಏನೂ ದಾಟುವುದಿಲ್ಲ. 5ರ ಒಳಗಿದ್ದರೆ ಹೆಚ್ಚುಕಡಿಮೆ ಪೂರ್ತಿ ತಡೆ. ಎರಡೂ ಕೆಲಸಕ್ಕೆ ಒಂದೇ ಜಾಕೆಟ್ ಬೇಕು ಅನ್ನುವವರಿಗೆ ನಾನು ಹೇಳುವುದು 10ರಿಂದ 30ರ ನಡುವೆ ಹುಡುಕಿ ಎಂದು. ಬರೀ ಓಟಕ್ಕಾದರೆ 40, 50, ಅದಕ್ಕೂ ಮೇಲಿದ್ದರೂ ಪರವಾಗಿಲ್ಲ.

ಚೀಟಿಯ ಮೇಲೆ ಬೇರೆ ದೊಡ್ಡ ಅಂಕಿಗಳೂ ಇರಬಹುದು, 24 ಗಂಟೆಗೆ ಇಷ್ಟು ಸಾವಿರ ಗ್ರಾಂ ಆವಿ ಹೊರಹೋಗುತ್ತದೆ ಅಂತ. ಅದನ್ನು ಅಳೆಯುವ ವಿಧಾನಗಳು ಹಲವು. ಒಂದು ವಿಧಾನದ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸಲು ಬರುವುದಿಲ್ಲ. ಗಾಳಿ ಎಷ್ಟು ದಾಟುತ್ತದೆ ಎಂಬುದನ್ನು ಅದು ಹೇಳುವುದೂ ಇಲ್ಲ. ನಿಮ್ಮ ಉಸಿರನ್ನೇ ನಂಬಿ.

ಗಾಳಿ ನಿಲ್ಲುವುದು ಮುಖ್ಯವಾಗಿ ನೇಯ್ಗೆಯಿಂದ. ಇದು ಹಳೆಯ ವಿದ್ಯೆ. 1924ರಲ್ಲಿ ಎವರೆಸ್ಟಿಗೆ ಹೋದ ಜಾರ್ಜ್ ಮ್ಯಾಲರಿ ಮೇಲೆ ಹಾಕಿಕೊಂಡಿದ್ದು ಗ್ಯಾಬರ್ಡಿನ್ ಎಂಬ, ಒತ್ತಾಗಿ ನೇಯ್ದ ಹತ್ತಿ ಬಟ್ಟೆಯ ಕೋಟು. ಒಳಗೆ ರೇಷ್ಮೆ, ಹತ್ತಿ, ಉಣ್ಣೆಯ ತೆಳು ಪದರಗಳು. ಅಲ್ಲಿ ಯಾವ ಪೊರೆಯೂ ಇರಲಿಲ್ಲ. ಈಗ ಹತ್ತಿಯ ಜಾಗಕ್ಕೆ ನೈಲಾನ್, ಪಾಲಿಯೆಸ್ಟರ್ ಬಂದಿವೆ. ನೇಯ್ದ ಮೇಲೆ ಬಟ್ಟೆಯನ್ನು ಬಿಸಿ ಉರುಳೆಗಳ ನಡುವೆ ಹಾಯಿಸಿ ನೂಲನ್ನು ಚಪ್ಪಟೆ ಮಾಡುತ್ತಾರೆ. ಎಳೆಗಳ ನಡುವಿನ ಸಂದು ಮುಚ್ಚಿಕೊಳ್ಳುತ್ತದೆ. ಬಟ್ಟೆಯ ಒಂದು ಬದಿ ಹೊಳೆಯುತ್ತಿದ್ದರೆ ಅದು ಈ ಉರುಳೆಯ ಗುರುತು. ಒಗೆದು ಬಳಸಿದಂತೆ ಆ ಚಪ್ಪಟೆತನ ಸ್ವಲ್ಪ ಸ್ವಲ್ಪ ಸಡಿಲವಾಗುತ್ತದೆ. ಹಳೆಯ ಜಾಕೆಟ್ ಹೊಸದಕ್ಕಿಂತ ಒಂಚೂರು ಜಾಸ್ತಿ ಗಾಳಿ ಬಿಡಲು ಇದೇ ಕಾರಣ.

3. ತೂಕ ನೋಡಿ, ನೂಲನ್ನೂ ನೋಡಿ

ಈ ಬಗೆಯ ಜಾಕೆಟ್‌ಗಳು ಸಾಮಾನ್ಯವಾಗಿ 50ರಿಂದ 150 ಗ್ರಾಂ ತೂಗುತ್ತವೆ. 50 ಗ್ರಾಂ ಅಂದರೆ ಒಂದು ಕೋಳಿಮೊಟ್ಟೆಯಷ್ಟು. ಕೇಳಲು ಚೆನ್ನಾಗಿದೆ, ಆದರೆ ಬಂಡೆಗೆ ಒಮ್ಮೆ ಉಜ್ಜಿದರೆ ಮುಗಿಯಿತು.

ನೂಲಿನ ದಪ್ಪವನ್ನು ಡೀನಿಯರ್‌ನಲ್ಲಿ ಹೇಳುತ್ತಾರೆ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅದೇ ಅದರ ಡೀನಿಯರ್. 7 ಡೀನಿಯರ್ ಅಂದರೆ ಒಂಬತ್ತು ಕಿಲೋಮೀಟರ್ ಉದ್ದದ ನೂಲಿಗೆ ಏಳೇ ಗ್ರಾಂ! ಅಂಥ ಬಟ್ಟೆ ಕೈಯಲ್ಲಿ ಈರುಳ್ಳಿ ಸಿಪ್ಪೆಯ ಹಾಗಿರುತ್ತದೆ, ಒಳಗಿನ ಬೆರಳು ಹೊರಗೆ ಕಾಣುತ್ತದೆ. ಬರೀ ಓಟಕ್ಕೆ 7ರಿಂದ 15 ಡೀನಿಯರ್ ಸಾಕು. ಬಂಡೆ ಹತ್ತುವವರು 20ರಿಂದ 30ರ ಕಡೆ ನೋಡಿ. ಕಿರಿದಾದ ಬಿರುಕಿನಲ್ಲಿ ಮೊಣಕೈ ಊರಿ, ಭುಜ ಒತ್ತಿ ಮೇಲೇರುವವರಿಗೆ 30 ಕೂಡ ಜಾಸ್ತಿ ಅಲ್ಲ. ಎರಡೂ ಮಾಡುವವರು 100ರಿಂದ 130 ಗ್ರಾಂ ತೂಗುವ, 20 ಡೀನಿಯರ್ ಆಸುಪಾಸಿನ ಜಾಕೆಟ್ ಹಿಡಿದರೆ ಮೋಸ ಹೋಗುವುದಿಲ್ಲ. ಉಳಿಸಿದ 40 ಗ್ರಾಂ ಓಟದಲ್ಲಿ ಗೊತ್ತೇ ಆಗುವುದಿಲ್ಲ. ಹರಿದ ತೋಳು ಮಾತ್ರ ಗಾಳಿ ಬೀಸಿದಾಗಲೆಲ್ಲ ಗೊತ್ತಾಗುತ್ತದೆ.

ಬಟ್ಟೆಯಲ್ಲಿ ಸಣ್ಣ ಸಣ್ಣ ಚೌಕಗಳು ಕಂಡರೆ ಅದು ರಿಪ್‌ಸ್ಟಾಪ್. ಅಲ್ಲಲ್ಲಿ ಸ್ವಲ್ಪ ದಪ್ಪ ಎಳೆ ಸೇರಿಸಿ ನೇಯ್ದಿರುತ್ತಾರೆ. ಹರುಕು ಆ ಎಳೆಯ ತನಕ ಬಂದು ನಿಲ್ಲುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಪ್ಯಾರಾಚೂಟ್‌ಗಳಿಗಾಗಿ ಬಂದ ನೇಯ್ಗೆ ಇದು. ಇನ್ನು ನೈಲಾನೋ ಪಾಲಿಯೆಸ್ಟರೋ? ಉಜ್ಜಾಟ ತಡೆಯುವುದರಲ್ಲಿ ನೈಲಾನ್ ಗಟ್ಟಿ. ಪಾಲಿಯೆಸ್ಟರ್ ನೀರು ಹೀರುವುದು ಕಡಿಮೆ, ಬೇಗ ಒಣಗುತ್ತದೆ. ಬಂಡೆ ಜಾಸ್ತಿ ಅಂದರೆ ನೈಲಾನ್ ತಗೊಳ್ಳಿ.

4. ಮೈಗೆ ಹಾಕಿ, ಕೈ ಎತ್ತಿ

ಅಳತೆ ನೋಡುವಾಗ ಕನ್ನಡಿ ಮುಂದೆ ನೆಟ್ಟಗೆ ನಿಂತರೆ ಏನೂ ಗೊತ್ತಾಗುವುದಿಲ್ಲ. ನೀವು ದಿನಾ ಓಡುವ ಅಂಗಿಯ ಮೇಲೆಯೇ ಜಾಕೆಟ್ ಹಾಕಿ. ಜಿಪ್ ಗಲ್ಲದ ತನಕ ಎಳೆಯಿರಿ. ಎರಡೂ ಕೈಗಳನ್ನು ತಲೆಯ ಮೇಲೆ, ಎತ್ತರದ ಹಿಡಿತ ಹಿಡಿಯುವ ಹಾಗೆ ಚಾಚಿ. ಹೊಟ್ಟೆ ಕಾಣಿಸಿತಾ? ಕಫ್ ಮೊಣಕೈ ಕಡೆ ಜಾರಿತಾ? ಹಾಗಾದರೆ ಕಂಕುಳ ಹತ್ತಿರದ ಕತ್ತರಿಕೆ ಸರಿಯಿಲ್ಲ. ದೊಡ್ಡ ಸೈಜ್ ತಗೊಂಡರೂ ಇದು ಸರಿಹೋಗುವುದಿಲ್ಲ. ಬೇರೆ ಜಾಕೆಟ್ ನೋಡುವುದೇ ಒಳ್ಳೆಯದು. ಆಮೇಲೆ ಎರಡೂ ಕೈ ಮುಂದೆ ಚಾಚಿ ತಬ್ಬಿಕೊಂಡ ಹಾಗೆ ಮಾಡಿ. ಬೆನ್ನು ಬಿಗಿಯಾಗಬಾರದು.

ಬಂಡೆ ಹತ್ತುವವರು ಹಾರ್ನೆಸ್ (ಹಗ್ಗ ಕಟ್ಟಲು ಸೊಂಟಕ್ಕೂ ತೊಡೆಗೂ ಹಾಕುವ ಪಟ್ಟಿ) ಕಟ್ಟಿಕೊಂಡೇ ನೋಡಬೇಕು. ಜಾಕೆಟ್‌ನ ಅಂಚು ಹಾರ್ನೆಸ್ ಪಟ್ಟಿಯ ಒಳಗೆ ಸೇರಿ, ಕೈ ಎತ್ತಿದಾಗಲೂ ಅಲ್ಲೇ ನಿಲ್ಲಬೇಕು. ಗಿಡ್ಡ ಜಾಕೆಟ್ ನಾಲ್ಕು ಹೆಜ್ಜೆ ಏರುವಷ್ಟರಲ್ಲಿ ಹೊರಗೆ ಬಂದು, ಉಬ್ಬಿ, ಹಗ್ಗದ ಗಂಟನ್ನೂ ಸಾಮಾನು ನೇತುಹಾಕುವ ಕುಣಿಕೆಗಳನ್ನೂ ಮುಚ್ಚುತ್ತದೆ. ಗಂಟು ಕಣ್ಣಿಗೆ ಕಾಣುತ್ತಿರಬೇಕು, ಇದರಲ್ಲಿ ರಾಜಿ ಬೇಡ. ಸೊಂಟದ ಅಂಚಿನಲ್ಲಿ ಬಿಗಿಮಾಡುವ ದಾರ ಇದ್ದರೆ ಅದರ ತುದಿ ಎಲ್ಲಿ ನೇತಾಡುತ್ತದೆ ನೋಡಿ. ಹಗ್ಗದಲ್ಲಿ ಇಳಿಯುವಾಗ ಇಂಥ ಸಡಿಲ ದಾರ, ಹಗ್ಗವನ್ನು ತಡೆಹಿಡಿಯುವ ಬಿಲೇ ಸಾಧನದೊಳಗೆ ಸಿಕ್ಕಿಕೊಂಡರೆ ನಡು ಗೋಡೆಯಲ್ಲಿ ನಿಂತುಬಿಡಬೇಕಾಗುತ್ತದೆ. ದಾರದ ಬದಲು ಎಲಾಸ್ಟಿಕ್ ಇರುವ ಅಂಚು ನನಗೆ ಹೆಚ್ಚು ನೆಮ್ಮದಿ.

ಓಟಗಾರರಿಗೆ ಇನ್ನೊಂದು ತೀರ್ಮಾನ ಇದೆ. ನೀರಿನ ಬಾಟಲಿ ಇರುವ ಓಟದ ಚೀಲದ ಒಳಗೆ ಜಾಕೆಟ್ ಹಾಕುತ್ತೀರೋ, ಮೇಲೆ ಹಾಕುತ್ತೀರೋ? ಒಳಗೆ ಹಾಕಿದರೆ ಮೈಗೆ ಒಪ್ಪುವ ಸೈಜ್ ಸಾಕು, ಆದರೆ ಪ್ರತಿ ಸಲ ಚೀಲ ತೆಗೆಯಬೇಕು. ಮೇಲೆ ಹಾಕುವವರು ಒಂದು ಸೈಜ್ ದೊಡ್ಡದು ತಗೊಳ್ಳಿ. ಸಡಿಲ ಜಾಸ್ತಿಯಾದರೆ ಮಾತ್ರ ಬಟ್ಟೆ ಪಟಪಟ ಬಡಿಯುತ್ತದೆ. ಎದುರುಗಾಳಿಯಲ್ಲಿ ಎರಡು ಗಂಟೆ ಆ ಸದ್ದು ಕೇಳಿದರೆ ತಲೆ ಸಿಡಿಯುತ್ತದೆ.

5. ಹುಡ್ ಬೇಕಾ?

ಬೇಕು. ತೂಕ 10-15 ಗ್ರಾಂ ಹೆಚ್ಚಾದರೂ ಬೇಕು ಅನ್ನುವುದು ನನ್ನ ಅಭಿಪ್ರಾಯ. ಕಿವಿ, ಕತ್ತು, ಬೆವರಿದ ಕೂದಲು ಒಟ್ಟಿಗೆ ಮುಚ್ಚಿದರೆ ಇಡೀ ಮೈಗೆ ಬೆಚ್ಚಗಾಗುತ್ತದೆ. ಆದರೆ ಕೆಟ್ಟ ಹುಡ್‌ಗಿಂತ ಹುಡ್ ಇಲ್ಲದಿರುವುದೇ ಮೇಲು.

ಹಾಕಿ ನೋಡಿ. ತಲೆಯನ್ನು ಎಡಕ್ಕೆ ತಿರುಗಿಸಿ. ಹುಡ್ ತಲೆಯ ಜೊತೆ ತಿರುಗಬೇಕು. ಅದು ಇದ್ದಲ್ಲೇ ಇದ್ದು, ನಿಮ್ಮ ಒಂದು ಕಣ್ಣು ಬಟ್ಟೆಯೊಳಗೆ ಹೋದರೆ ಬೇಡ. ಮೇಲೆ ನೋಡಿ, ಮುಂದಿನ ಹಿಡಿತ ಹುಡುಕುವ ಹಾಗೆ. ಕೆಳಗೆ ನೋಡಿ, ಕಾಲಿಡುವ ಕಲ್ಲು ಕಾಣಬೇಕು. ಮುಖದ ಸುತ್ತ ತೆಳು ಎಲಾಸ್ಟಿಕ್ ಇದ್ದರೆ ಓಟಕ್ಕೆ ಸಾಕು. ತಲೆಯ ಹಿಂದೆ ಒಂದೇ ದಾರ ಎಳೆದು ಬಿಗಿ ಮಾಡುವ ಏರ್ಪಾಡು ಇದ್ದರೆ ಇನ್ನೂ ಒಳ್ಳೆಯದು. ಹುಡ್ ಬೇಡದಾಗ ಸುತ್ತಿ ಕಟ್ಟಲು ಒಂದು ಸಣ್ಣ ಕುಣಿಕೆಯೋ ಗುಂಡಿಯೋ ಇರಲಿ. ಇಲ್ಲದಿದ್ದರೆ ಓಡುವಾಗ ಅದು ಗಾಳಿ ತುಂಬಿಕೊಂಡು ಹಿಂದಕ್ಕೆ ಎಳೆಯುತ್ತದೆ.

ಹೆಲ್ಮೆಟ್ ಹಾಕುವವರಿಗೆ ಎರಡು ದಾರಿ. ತೆಳು ಹುಡ್ ಅನ್ನು ಹೆಲ್ಮೆಟ್ ಒಳಗೆ ಹಾಕಿಕೊಳ್ಳುವುದು ಒಂದು, ಹೆಲ್ಮೆಟ್ ಮೇಲೆ ಎಳೆದುಕೊಳ್ಳುವುದು ಇನ್ನೊಂದು. ನಾನು ಹೇಳುವುದು ಎರಡನೆಯದು. ಗೋಡೆಯ ಮಧ್ಯೆ ಗಾಳಿ ಎದ್ದಾಗ ಹುಡ್ ಹಾಕಲು ಹೆಲ್ಮೆಟ್ ಬಿಚ್ಚುವಂತಾಗಬಾರದು. ಅದೇ ಹೊತ್ತಿಗೆ ಮೇಲಿಂದ ಕಲ್ಲು ಉರುಳಬಹುದು. ಹಾಗಾಗಿ ಕೊಳ್ಳಲು ಹೋಗುವಾಗ ನಿಮ್ಮ ಹೆಲ್ಮೆಟ್ ಜೊತೆಗೆ ಒಯ್ಯಿರಿ. ಹುಡ್ ಅದರ ಮೇಲೆ ಬಂದು, ಜಿಪ್ ಪೂರ್ತಿ ಮೇಲೆ ಹೋದ ಮೇಲೂ ಗಲ್ಲ ಎತ್ತಲು ಆಗಬೇಕು.

6. ಜಿಪ್, ಕಫ್, ಜೇಬು

ಪೂರ್ತಿ ಉದ್ದದ ಜಿಪ್ ಇರುವುದನ್ನೇ ಆರಿಸಿ. ಅರ್ಧ ಜಿಪ್ ಹಗುರ, ಆದರೆ ಬಿಸಿಯಾದಾಗ ಎದೆ ಬಿಚ್ಚಿಕೊಳ್ಳಲು ಆಗುವುದಿಲ್ಲ. ಜಿಪ್ ಬಿಚ್ಚಿದರೂ ಜಾಕೆಟ್ ಹಾರಿಹೋಗದಂತೆ ಎದೆಯ ಹತ್ತಿರ ಒಂದು ಪ್ರೆಸ್ ಬಟನ್ ಇರುವ ಮಾದರಿಗಳಿವೆ. ಓಟಕ್ಕೆ ಬಹಳ ಉಪಯೋಗ. ಜಿಪ್‌ನ ತಲೆ ಗಲ್ಲಕ್ಕೆ ಚುಚ್ಚದಂತೆ ಬಟ್ಟೆಯ ಮಡಿಕೆ ಇದೆಯಾ ನೋಡಿ.

ಕಫ್ ಮುಂಗೈ ಮೇಲೆ ಏರಿಸಿದರೆ ಅಲ್ಲೇ ನಿಲ್ಲಬೇಕು, ರಕ್ತ ನಿಲ್ಲುವಷ್ಟು ಬಿಗಿ ಬೇಡ. ಮೈಯ ಬಿಸಿ ಹೆಚ್ಚು ಕಡಿಮೆ ಮಾಡಲು ತೋಳು ಏರಿಸುವುದೇ ಎಲ್ಲಕ್ಕಿಂತ ಸುಲಭದ ದಾರಿ.

ಜೇಬು ಒಂದೇ ಸಾಕು, ಎದೆಯ ಮೇಲೆ. ಸೊಂಟದ ಜೇಬುಗಳು ಹಾರ್ನೆಸ್ ಕೆಳಗೆ ಹೂತುಹೋಗುತ್ತವೆ. ಇಡೀ ಜಾಕೆಟ್ ಆ ಜೇಬಿನೊಳಗೇ ಮಡಚಿ ಸೇರಬೇಕು, ಹೊರಗೆ ಕ್ಯಾರಬೀನರ್ (ಲೋಹದ ಕೊಂಡಿ) ಹಾಕಲು ಗಟ್ಟಿ ಕುಣಿಕೆ ಇರಬೇಕು. ಇದನ್ನು ಕೈಗವಸು ಹಾಕಿಕೊಂಡೇ ಒಮ್ಮೆ ಮಾಡಿ ನೋಡಿ. ತುಂಬಲು ಒದ್ದಾಡಬೇಕಾದರೆ ಜೇಬು ತೀರಾ ಸಣ್ಣದು. ಫೋನ್ ಮಾತ್ರ ಆ ಜೇಬಿನಲ್ಲಿ ಇಡಬೇಡಿ. ನೂರು ಗ್ರಾಂ ಜಾಕೆಟ್‌ನಲ್ಲಿ ಇನ್ನೂರು ಗ್ರಾಂ ಫೋನ್ ಹೆಜ್ಜೆ ಹೆಜ್ಜೆಗೂ ಎದೆಗೆ ಬಡಿಯುತ್ತದೆ.

ಬಣ್ಣ: ಗಾಢ ಕಿತ್ತಳೆ, ಹಳದಿ, ಕೆಂಪು. ಮಂಜು ಮುಸುಕಿದಾಗ ಜೊತೆಯವರು ನಿಮ್ಮನ್ನು ಹುಡುಕಬೇಕಲ್ವಾ?

7. ನೀರು ಜಾರಿಸುವ ಲೇಪ

ಹೊಸ ಜಾಕೆಟ್ ಮೇಲೆ ನೀರು ಚಿಮುಕಿಸಿದರೆ ಕೆಸುವಿನ ಎಲೆಯ ಮೇಲಿನ ಹಾಗೆ ಮಣಿಯಾಗಿ ಉರುಳುತ್ತದೆ. ಅದು ಬಟ್ಟೆಯ ಗುಣ ಅಲ್ಲ, ಮೇಲಿನ ಲೇಪದ ಕೆಲಸ. ಹಿಂದೆ ಇದಕ್ಕೆ ಪಿಎಫ್‌ಎಎಸ್ ಎಂಬ ಫ್ಲೋರಿನ್ ರಾಸಾಯನಿಕಗಳನ್ನು ಬಳಸುತ್ತಿದ್ದರು. ಅವು ಮಣ್ಣು ನೀರಿನಲ್ಲಿ ಸೇರಿ, ಕೊಳೆತು ನಾಶವಾಗದೆ ಹಾಗೇ ಉಳಿಯುತ್ತವೆ ಎಂಬ ಕಾರಣಕ್ಕೆ ಹಲವು ಕಡೆ ನಿಷೇಧ ಬರುತ್ತಿದೆ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಹೆಚ್ಚಿನ ಬಟ್ಟೆಗಳಲ್ಲಿ ಇವನ್ನು ಬಳಸುವಂತಿಲ್ಲ. ಹೊಸ ಲೇಪಗಳು ನೀರನ್ನು ಜಾರಿಸುತ್ತವೆ, ಆದರೆ ಎಣ್ಣೆ, ಮೈಜಿಡ್ಡು ತಗುಲಿದರೆ ಬೇಗ ಸೋಲುತ್ತವೆ. ಅಂದರೆ ಹಳೆಯದಕ್ಕಿಂತ ಹೆಚ್ಚು ಸಲ ಒಗೆಯಬೇಕು. ಇದು ತೊಂದರೆಯೇ ಹೌದು, ಆದರೂ ನಾನು ಹೊಸದನ್ನೇ ಆರಿಸುತ್ತೇನೆ. ನಾವು ಓಡುವ ಬೆಟ್ಟಗಳ ತೊರೆಗೇ ತಾನೆ ಆ ನೀರು ಸೇರುವುದು?

8. ಹಾಕುವ ಹೊತ್ತು

ಒಳ್ಳೆಯ ಜಾಕೆಟ್ ಕೊಂಡೂ ತಪ್ಪು ಹೊತ್ತಿನಲ್ಲಿ ಹಾಕಿದರೆ ಲಾಭವಿಲ್ಲ. ಓಟ ಶುರುಮಾಡುವಾಗ ಸ್ವಲ್ಪ ಚಳಿ ಅನ್ನಿಸಬೇಕು. ಹತ್ತು ನಿಮಿಷದಲ್ಲಿ ಮೈ ಬಿಸಿಯಾಗುತ್ತದೆ. ಏರುವಾಗ ಜಿಪ್ ಬಿಚ್ಚಿ, ತೋಳು ಏರಿಸಿ, ಸಾಲದಿದ್ದರೆ ತೆಗೆದುಬಿಡಿ. ನೆತ್ತಿ ಇನ್ನೂ ನೂರು ಹೆಜ್ಜೆ ದೂರ ಇರುವಾಗ, ಗಾಳಿಯ ಮರೆಯಲ್ಲೇ ನಿಂತು ಹಾಕಿಕೊಳ್ಳಿ. ನಡುಕ ಬಂದ ಮೇಲೆ ಹಾಕಿದರೆ ಆಗಲೇ ಕಳೆದುಕೊಂಡ ಬಿಸಿ ವಾಪಸ್ ಬರಲು ಬಹಳ ಹೊತ್ತು ಬೇಕು. ತೆಳು ಜಾಕೆಟ್ ತಾನಾಗಿ ಬಿಸಿ ಕೊಡುವುದಿಲ್ಲ, ಇರುವ ಬಿಸಿಯನ್ನು ಉಳಿಸುತ್ತದೆ ಅಷ್ಟೆ. ಬಂಡೆಯಲ್ಲಿ ಹಗ್ಗ ಹಿಡಿಯುವ ಸರದಿ ಬಂದಾಗ, ಮೊದಲು ನಿಮ್ಮನ್ನು ಭದ್ರವಾಗಿ ಕಟ್ಟಿಕೊಳ್ಳಿ, ತಕ್ಷಣ ಜಾಕೆಟ್ ಹಾಕಿ, ಆಮೇಲೆ ಹಗ್ಗ ಎಳೆಯಲು ಶುರುಮಾಡಿ. ತುಂಬ ಹೊತ್ತು ನಿಲ್ಲುವುದಿದ್ದರೆ ಒಳಗೆ ತೆಳು ಫ್ಲೀಸ್ (ಮೆತ್ತನೆಯ, ಬೆಚ್ಚನೆಯ ಮೇಲಂಗಿ) ಇರಲಿ. ಫ್ಲೀಸ್ ಒಂದೇ ಇದ್ದರೆ ಗಾಳಿ ಸಲೀಸಾಗಿ ಒಳಗೆ ನುಗ್ಗುತ್ತದೆ. ಮೇಲೆ ಈ ಜಾಕೆಟ್ ಬಿದ್ದರೆ ಎರಡೂ ಸೇರಿ ದಪ್ಪ ಕೋಟಿನಷ್ಟು ಕೆಲಸ ಮಾಡುತ್ತವೆ.

9. ಒಗೆಯುವುದು, ತೇಪೆ ಹಾಕುವುದು

ತಣ್ಣೀರಲ್ಲಿ, ಸ್ವಲ್ಪವೇ ದ್ರವ ಸೋಪು ಹಾಕಿ ಒಗೆಯಿರಿ. ಸಾಫ್ಟನರ್, ಬ್ಲೀಚ್ ಎರಡೂ ಬೇಡ. ಸಾಫ್ಟನರ್ ಬಟ್ಟೆಯ ಮೇಲೆ ಪದರ ಕಟ್ಟಿ ನೀರನ್ನು ಹಿಡಿದುಕೊಳ್ಳುತ್ತದೆ. ಸೋಪು ಪೂರ್ತಿ ಹೋಗುವ ತನಕ ಎರಡು ಸಲ ಜಾಲಿಸಿ. ನೈಲಾನ್ ಬಿಸಿಲಿಗೆ ಸೊರಗುತ್ತದೆ, ನೆರಳಲ್ಲಿ ಒಣಗಿಸಿ. ನೀರು ಮಣಿಗಟ್ಟುವುದು ನಿಂತಿದ್ದರೆ, ಒಳಗಿನ ಚೀಟಿಯಲ್ಲಿ ಇಸ್ತ್ರಿಗೆ ಒಪ್ಪಿಗೆ ಇದೆಯೇ ನೋಡಿಕೊಂಡು, ಮೇಲೆ ಹತ್ತಿ ಬಟ್ಟೆ ಹಾಸಿ ಕಡಿಮೆ ಬಿಸಿಯಲ್ಲಿ ಇಸ್ತ್ರಿ ಮಾಡಿ. ಎಷ್ಟೋ ಸಲ ಲೇಪ ಮತ್ತೆ ಚೇತರಿಸಿಕೊಳ್ಳುತ್ತದೆ. ಮನೆಯಲ್ಲಿ ಇರುವಾಗ ಜೇಬಿಂದ ಬಿಚ್ಚಿ ನೇತುಹಾಕಿ. ಬೆಂಕಿಯ ಹತ್ತಿರ ಮಾತ್ರ ಹಾಕಿಕೊಂಡು ಕೂರಬೇಡಿ, ಒಂದು ಕಿಡಿ ಸಾಕು ತೂತು ಬೀಳಲು.

ತೂತು ಬಿದ್ದರೆ ಸೂಜಿ ಹಿಡಿಯಬೇಡಿ. ಇಷ್ಟು ತೆಳು ಬಟ್ಟೆಯಲ್ಲಿ ಸೂಜಿಯ ಪ್ರತಿ ಚುಚ್ಚೂ ಹೊಸ ಹರುಕಿನ ಶುರು. ಟೆಂಟ್, ಜಾಕೆಟ್ ರಿಪೇರಿಗೆ ಅಂತಲೇ ಸಿಗುವ ಅಂಟು ನೈಲಾನ್ ಟೇಪ್ ತಗೊಳ್ಳಿ. ಹರುಕಿನ ಸುತ್ತ ಒದ್ದೆ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಒಣಗಲು ಬಿಡಿ. ಹರುಕಿಗಿಂತ ಎಲ್ಲ ಕಡೆ ಒಂದೆರಡು ಸೆಂ.ಮೀ. ದೊಡ್ಡದಾಗಿ ತುಂಡು ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ. ಚೂಪು ಮೂಲೆ ಇದ್ದರೆ ಅಲ್ಲಿಂದಲೇ ಏಳುತ್ತದೆ. ಹರುಕಿನ ಎರಡು ಅಂಚನ್ನು ಜೋಡಿಸಿ, ಟೇಪ್ ಇಟ್ಟು, ನಡುವಿನಿಂದ ಹೊರಗಡೆಗೆ ಹೆಬ್ಬೆರಳಿನಿಂದ ತೀಡಿ. ಒಂದು ದಿನ ಹಾಗೇ ಬಿಟ್ಟು ಆಮೇಲೆ ಹಾಕಿಕೊಳ್ಳಿ.